ಕುದುರೆಯ ಬೆನ್ನಿನ ಮೇಲೆ ಯಾರಿಗೆ ಜಾಗ?

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯವರೆಲ್ಲ ಮಾಥೇರಾನಿಗೆ ಹೋಗಿದ್ದೆವು. ಮುಂಬ್ರಾದಿಂದ ಸ್ಲೋ ಲೋಕಲ್ ಹಿಡಿದು ಕಲ್ಯಾಣ, ಅಲ್ಲಿಂದ ಕರ್ಜತ್ ಗಾಡಿಯಲ್ಲಿ ನೇರಳ್, ನೇರಳ್‌ನಿಂದ ಟ್ಯಾಕ್ಸಿಯಲ್ಲಿ ದಸ್ತೂರಿ. ಅಲ್ಲಿಂದ ಮುಂದೆ ಕಾರು, ಬೈಕುಗಳಿಗೆ ಪ್ರವೇಶವಿಲ್ಲ. 1850ರಲ್ಲಿ ನಮ್ಮ ಠಾಣೆ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ಬ್ರಿಟಿಷರಿಗೆ ಪರಿಚಯಿಸಿದ. 1907ರಲ್ಲಿ ಪುಟ್ಟ ರೈಲು ಬಂತು, ಈಚೆಗೆ ಇ-ರಿಕ್ಷಾಗಳೂ ಬಂದಿವೆ. ಆದರೂ ಇಂದಿಗೂ ಮಾಥೇರಾನ್ ಎಂದರೆ ಕುದುರೆ.

ನಮ್ಮ ಅಕ್ಕನ ಮಗನಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಮಾತೂ ಚುರುಕು. ಕಾಲುಗಳು ಮಾತ್ರ ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಕೂತರೆ ಸೊಂಟ ನಿಲ್ಲುವುದಿಲ್ಲ, ಹಿಂದೆ ಆಸರೆ ಬೇಕು. ಅಂದು ಅವನು ಕುದುರೆಯೇ ಬೇಕೆಂದು ಹಟ ಹಿಡಿದ. ಅಕ್ಕನಿಗೆ ಜೀವವೇ ಕೈಗೆ ಬಂದಂತಾಗಿತ್ತು. ಕೊನೆಗೆ ಒಂದು ಕಡೆ ಭಾವ, ಇನ್ನೊಂದು ಕಡೆ ನಾನು ಹಿಡಿದುಕೊಂಡೆವು. ಘೋಡೆವಾಲಾ ಲಗಾಮು ಹಿಡಿದು ಮೆಲ್ಲಗೆ ನಡೆಸಿದ. ಒಂದು ಹದಿನೈದು ನಿಮಿಷ ಆಗಿರಬಹುದು. ಇಳಿಸುವಾಗ ಅವನ ಕಾಲುಗಳು ಎಂದಿನಷ್ಟು ಬಿಗಿಯಾಗಿರಲಿಲ್ಲ, ತಲೆ ನೆಟ್ಟಗಿತ್ತು. ಅವನು ಹೇಳಿದ್ದು ಒಂದೇ ಮಾತು: "ಚಿಕ್ಕಿ, ನಾನೇ ನಡೆದ ಹಾಗೆ ಆಯ್ತು."

ಎಂದೂ ನಡೆಯದ ಮಗುವಿಗೆ ನಡೆದ ಹಾಗೆ ಆಗುವುದು ಹೇಗೆ? ನಾನು ಎಂ.ಟೆಕ್. ಓದಿ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಪರೀಕ್ಷಿಸಿ ನೋಡದೆ ಯಾವುದನ್ನೂ ಒಪ್ಪುವ ಜಾತಿಯವಳಲ್ಲ. ಮುಂದಿನ ವಾರ ಅವನ ಫಿಸಿಯೋಥೆರಪಿಸ್ಟ್ ಬಳಿ ವಿಷಯ ತೆಗೆದಾಗ ಅವರು ಮೊದಲು ಬೈದರು: "ಸೊಂಟದ ಎಕ್ಸ್-ರೇ ನೋಡದೆ ಕುದುರೆ ಹತ್ತಿಸುವುದೇ?" ಆಮೇಲೆ ಕುದುರೆಯ ನಡಿಗೆಯನ್ನೇ ಚಿಕಿತ್ಸೆಯಾಗಿ ಬಳಸುವ ಪದ್ಧತಿ ಇದೆಯೆಂದು ತಿಳಿಸಿದರು. ಅದಕ್ಕೆ ಹಿಪ್ಪೋಥೆರಪಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಹಿಪ್ಪೋಸ್' ಎಂದರೆ ಕುದುರೆ. ಅಂದಿನಿಂದ ರಾತ್ರಿ ಊಟವಾದ ಮೇಲೆ ಇದರ ಇತಿಹಾಸವನ್ನು ಹುಡುಕುತ್ತ ಕೂತೆ. ಹುಡುಕಿದಷ್ಟೂ ನನಗೆ ಕಂಡದ್ದು ಒಂದೇ ಪ್ರಶ್ನೆ: ಕುದುರೆಯ ಬೆನ್ನಿನ ಮೇಲೆ ಯಾರಿಗೆ ಜಾಗ?

ಬಹುಕಾಲ ಆ ಜಾಗ ಅರಸರದು, ಸೈನಿಕರದು. ನಾವು ದಿನವೂ ಲೋಕಲ್‌ನಲ್ಲಿ ದಾಟುವ ಈ ಠಾಣೆಯ ಖಾರಿಗೂ ಕುದುರೆಗೂ ಹಳೆಯ ನಂಟು. 13ನೇ ಶತಮಾನದ ಕೊನೆಯ ವೇಳೆಯ ಠಾಣೆಯ ಬಗ್ಗೆ ಮಾರ್ಕೊ ಪೋಲೊ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಇಲ್ಲಿನ ರಾಜನಿಗೂ ಕಡಲುಗಳ್ಳರಿಗೂ ಒಂದು ಒಪ್ಪಂದವಿತ್ತಂತೆ. ಹಡಗು ದೋಚಿದಾಗ ಸಿಕ್ಕ ಬೇರೆಲ್ಲ ಸರಕು ಕಳ್ಳರಿಗೆ, ಕುದುರೆಗಳು ಮಾತ್ರ ರಾಜನಿಗೆ! ಅರಬ್ಬೀ ಕಡಲಿನಾಚೆಯಿಂದ ಬರುವ ಕುದುರೆಗೆ ಅಷ್ಟು ಬೆಲೆ. ನಮ್ಮ ಭಟ್ಕಳ ಮತ್ತು ಗೋವೆಯ ಬಂದರುಗಳಿಂದ ವಿಜಯನಗರಕ್ಕೆ ಕುದುರೆಗಳು ಹೋಗುತ್ತಿದ್ದವು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಕುದುರೆಗಳನ್ನೂ ನಡೆಸಿಕೊಂಡು ಬರುವ ಪರದೇಶಿ ವ್ಯಾಪಾರಿಗಳನ್ನೂ ಇಂದಿಗೂ ನೋಡಬಹುದು.

ಹೆಂಗಸರು ಕುದುರೆ ಹತ್ತಲಿಲ್ಲವೆಂದಲ್ಲ. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯ ಮೇಲೆ ಕತ್ತಿ ಹಿಡಿದು ನಿಂತಿರುವ ಕಿತ್ತೂರು ಚೆನ್ನಮ್ಮನನ್ನು ಯಾರು ಮರೆತಾರು? ಆದರೆ ಆಕೆಯೂ ರಾಣಿ. ಅಂಗವಿಕಲರಿಗಂತೂ ಆ ಚಿತ್ರದಲ್ಲಿ ಜಾಗವೇ ಇರಲಿಲ್ಲ. ನಮ್ಮಲ್ಲಿ 'ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು' ಎಂಬ ಗಾದೆ ಇದೆ. ಕುದುರೆ ಲಾಯದಲ್ಲೇ ಮುದಿಯಾದರೂ ಬಡವನ ಮನೆಯ ಮಗುವಿನ ಬಳಿಗೆ ಬರಲಿಲ್ಲ.

ಇದನ್ನು ಬದಲಾಯಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಲಿಸ್ ಹಾರ್ಟೆಲ್. 1921ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಈಕೆ ಒಳ್ಳೆಯ ಸವಾರೆ. 1944ರಲ್ಲಿ, 23ನೇ ವಯಸ್ಸಿನಲ್ಲಿ, ಎರಡನೆಯ ಮಗುವಿನ ಬಸುರಿಯಾಗಿದ್ದಾಗ ಪೋಲಿಯೊ ಬಡಿಯಿತು. ಮೈಯೆಲ್ಲ ಸೋತುಹೋಯಿತು. ಮಗು ಆರೋಗ್ಯವಾಗಿಯೇ ಹುಟ್ಟಿತು. ತಾಯಿ ಮತ್ತೆ ಕೈ ಎತ್ತುವುದನ್ನು, ತೆವಳುವುದನ್ನು, ಊರುಗೋಲಿನಲ್ಲಿ ನಡೆಯುವುದನ್ನು ಒಂದೊಂದಾಗಿ ಕಲಿತಳು. ಮೊಣಕಾಲಿನಿಂದ ಕೆಳಗೆ ಮಾತ್ರ ಶಕ್ತಿ ಮರಳಲೇ ಇಲ್ಲ. ಇನ್ನು ಸವಾರಿ ಸಾಕು ಎಂದು ಯಾರಾದರೂ ಹೇಳುತ್ತಿದ್ದರು. ಆಕೆ ಜನರಿಂದ ಎತ್ತಿಸಿಕೊಂಡು ಕುದುರೆ ಹತ್ತಿದಳು.

ಆಕೆಯ ಸ್ಪರ್ಧೆ ಡ್ರೆಸಾಜ್. ಕುದುರೆಯನ್ನು ಲೆಕ್ಕದ ಹೆಜ್ಜೆಗಳಲ್ಲಿ, ನೃತ್ಯದ ಹಾಗೆ ನಡೆಸಿ ತೋರಿಸುವುದು. ಸಾಮಾನ್ಯವಾಗಿ ಸವಾರರು ಕಾಲಿನ ಒತ್ತಡದಿಂದ ಕುದುರೆಗೆ ಸೂಚನೆ ಕೊಡುತ್ತಾರೆ. ಲಿಸ್‌ಗೆ ಅದು ಆಗದು. ಬೆನ್ನು ಮತ್ತು ಸೊಂಟದ ಭಾರವನ್ನು ಅತ್ತಿತ್ತ ಸರಿಸಿಯೇ ತನ್ನ ಜುಬಿಲಿ ಎಂಬ ಹೆಣ್ಣು ಕುದುರೆಗೆ ಮಾತು ಕಲಿಸಿದಳು. ಆಗ ಒಲಿಂಪಿಕ್ಸ್‌ನ ಈ ಸ್ಪರ್ಧೆ ಮಿಲಿಟರಿ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. 1948ರಲ್ಲಿ ಗೆದ್ದಿದ್ದ ಸ್ವೀಡನ್ ತಂಡದ ಪದಕವನ್ನು, ಅದರ ಒಬ್ಬ ಸವಾರ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಎಂಬ ಕಾರಣಕ್ಕೆ ಆಮೇಲೆ ಕಿತ್ತುಕೊಂಡಿದ್ದರು! ಹೆಂಗಸರ ಪಾಡು ಹೇಳುವುದೇ ಬೇಡ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆ ಬಾಗಿಲು ತೆರೆಯಿತು. ಗಂಡಸರ ಜೊತೆಗೇ ಸ್ಪರ್ಧಿಸಿ ಲಿಸ್ ಬೆಳ್ಳಿ ಗೆದ್ದಳು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ತಾನೇ ಕೈಹಿಡಿದು ಆಕೆಯನ್ನು ಪದಕದ ಕಟ್ಟೆಗೆ ಹತ್ತಿಸಿದ. ಅಲ್ಲಿಯತನಕ ಈಕೆಗೆ ನಡೆಯಲು ಕಷ್ಟವೆಂಬುದು ನೋಡುತ್ತಿದ್ದ ಅನೇಕರಿಗೆ ಗೊತ್ತೇ ಇರಲಿಲ್ಲ. 1956ರಲ್ಲಿ ಮತ್ತೊಮ್ಮೆ ಬೆಳ್ಳಿ.

ಅದನ್ನು ಕಂಡ ಫಿಸಿಯೋಥೆರಪಿಸ್ಟರಿಗೆ ಹೊಳೆದ ಪ್ರಶ್ನೆಯೂ ನನ್ನದೇ: ಕುದುರೆ ಈ ದೇಹಕ್ಕೆ ಏನು ಮಾಡಿತು? 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಉಲ್ಲಾ ಹಾರ್ಪೋತ್, ನಾರ್ವೆಯಲ್ಲಿ ಎಲ್ಸೆಬೆಟ್ ಬೋಡ್ಕರ್ ಎಂಬ ಇಬ್ಬರು ಮಹಿಳೆಯರು ತಮ್ಮ ರೋಗಿಗಳನ್ನು ಕುದುರೆಯ ಮೇಲೆ ಕೂರಿಸತೊಡಗಿದರು. 1969ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರ ಸವಾರಿ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲೂ ಒಂದು ರಾಷ್ಟ್ರೀಯ ಸಂಘ ಆರಂಭವಾಯಿತು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯೂ ಸೇರಿತು. ನಮ್ಮ ದೇಶದಲ್ಲೂ ಬೆಂಗಳೂರಿನಂಥ ನಗರಗಳಲ್ಲಿ ಇಂಥ ಚಿಕಿತ್ಸೆ ಕಾಲಿಟ್ಟಿದೆ.

ಈಗ ನನ್ನ ಸೋದರಳಿಯನ ಮಾತಿಗೆ ಬರುತ್ತೇನೆ. ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ ಆಡುತ್ತದೆ, ಜೊತೆಗೆ ಸ್ವಲ್ಪ ತಿರುಗುತ್ತದೆ ಕೂಡ. ಕೂತವರ ಸೊಂಟಕ್ಕೆ ಅದೇ ಚಲನೆ ದಾಟುತ್ತದೆ. ಇದು ಮನುಷ್ಯ ತಾನೇ ನಡೆಯುವಾಗ ಸೊಂಟ ಆಡುವ ರೀತಿಗೆ ಬಹಳ ಹತ್ತಿರ. ಅಂದರೆ ಹುಡುಗ ಹೇಳಿದ್ದು ಕವಿತೆಯಲ್ಲ, ವರದಿ! ಅರ್ಧ ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ಸಲ ಅವನ ಬೆನ್ನು ಬೀಳದಂತೆ ತನ್ನನ್ನು ತಾನು ಸರಿಪಡಿಸಿಕೊಳ್ಳಬೇಕು. ಕುದುರೆಯ ಮೈಯ ಬಿಸಿ ನಮಗಿಂತ ತುಸು ಹೆಚ್ಚು. ಅಗಲವಾದ ಬೆನ್ನಿನ ಮೇಲೆ ಕಾಲುಗಳು ಬೇರೆಬೇರೆಯಾಗಿ ಇಳಿಬೀಳುತ್ತವೆ. ಬಿಗಿದ ಸ್ನಾಯುಗಳು ಸಡಿಲವಾಗಲು ಇವೆರಡೂ ನೆರವಾಗುತ್ತವೆ.

ಕೂತದ್ದರಿಂದಲೇ ಲಾಭವಾಯಿತೋ, ಕುದುರೆಯ ನಡಿಗೆಯಿಂದಲೋ? ಇದನ್ನು ಪರೀಕ್ಷಿಸಿದವರೂ ಇದ್ದಾರೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳಲ್ಲಿ ಕೆಲವರನ್ನು 8 ನಿಮಿಷ ನಡೆಯುವ ಕುದುರೆಯ ಮೇಲೆ, ಉಳಿದವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೆ ಕೂರಿಸಿದರು. ಎಡಬಲ ಸ್ನಾಯುಗಳ ಸಮತೋಲ ಸುಧಾರಿಸಿದ್ದು ಕುದುರೆಯ ಮೇಲೆ ಕೂತವರಲ್ಲಿ. ಆದರೆ 15 ಮಕ್ಕಳು ಎಂದರೆ ಚಿಕ್ಕ ಲೆಕ್ಕ, 8 ನಿಮಿಷ ಎಂದರೆ ಚಿಕ್ಕ ಅವಧಿ. ಕುದುರೆ ಹತ್ತಿದರೆ ಕಾಯಿಲೆ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಫಿಸಿಯೋಥೆರಪಿಯ ಒಂದು ಸಾಧನ, ಅದರ ಬದಲಿ ಅಲ್ಲ. ಸೊಂಟದ ಕೀಲು ಜಾರಿರುವವರು, ಹತೋಟಿಗೆ ಬಾರದ ಅಪಸ್ಮಾರ ಇರುವವರು, ಡೌನ್ ಸಿಂಡ್ರೋಮ್ ಇದ್ದು ಕತ್ತಿನ ಮೂಳೆ ಸಡಿಲವಿರುವವರು ಕುದುರೆ ಹತ್ತಬಾರದು. ನಾವು ಮಾಥೇರಾನಿನಲ್ಲಿ ಮಾಡಿದ್ದು ತಪ್ಪೇ. ದಯವಿಟ್ಟು ಯಾರೂ ಅದನ್ನು ಅನುಸರಿಸಬೇಡಿ.

ಇಷ್ಟೆಲ್ಲ ಓದುತ್ತಿದ್ದಾಗ ನಮ್ಮ ಮುಂಬಯಿಯದೇ ಒಂದು ಕಥೆ ಸಿಕ್ಕಿತು. ಅದರಲ್ಲಿ ಕುದುರೆ ಇಲ್ಲ, ಆದರೆ ಅದೇ ಪೋಲಿಯೊ, ಅದೇ ಛಲದ ತಾಯಿ. ಫಾತಿಮಾ ಇಸ್ಮಾಯಿಲ್ ಅವರ ಪುಟ್ಟ ಮಗಳು ಉಷಾಗೆ ಪೋಲಿಯೊ ಬಂದಾಗ ಆಗಿನ ವೈದ್ಯರಿಂದ ಹೆಚ್ಚಿನ ಭರವಸೆ ಸಿಗಲಿಲ್ಲ. ಆಕೆ ಮಗುವನ್ನು ಮದ್ರಾಸಿನ ಡಾ. ಎಂ. ಜಿ. ಕಿಣಿಯವರ ಬಳಿ ಒಯ್ದರು, ವ್ಯಾಯಾಮ ಚಿಕಿತ್ಸೆಯ ದಾರಿ ಹಿಡಿದರು. ಮಗಳಿಗೆ ಸಿಕ್ಕಿದ್ದು ಉಳಿದ ಮಕ್ಕಳಿಗೂ ಸಿಗಬೇಕೆಂದು 1947ರಲ್ಲಿ ಮುಂಬಯಿಯಲ್ಲಿ ಪೋಲಿಯೊ ಕ್ಲಿನಿಕ್ ತೆರೆದರು. ಅದಕ್ಕೆ ಚೌಪಾಟಿಯಲ್ಲಿದ್ದ ತಮ್ಮ ಜಾಗವನ್ನು ಬಿಟ್ಟುಕೊಟ್ಟವರು ಡಾ. ಎ. ವಿ. ಬಾಳಿಗಾ.

ಆ ಹೆಸರು ಓದಿ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡೇ ಅಪ್ಪನ ಕೋಣೆಗೆ ಓಡಿದೆ. ನಮ್ಮ ಊರು ಕುಮಟಾ. ಅಪ್ಪ ಓದಿದ್ದು ಅಲ್ಲಿನ ಡಾ. ಎ. ವಿ. ಬಾಳಿಗಾ ಕಾಲೇಜಿನಲ್ಲಿ. ಅಷ್ಟು ವರ್ಷ ಅವರಿಗೆ ಅದು ಕಾಲೇಜಿನ ಬೋರ್ಡಿನ ಮೇಲಿನ ಹೆಸರು ಮಾತ್ರ. "ಇಲ್ಲಿ ಮಕ್ಕಳಿಗೆ ಜಾಗ ಕೊಟ್ಟವರು ಅವರೇ ಏನೇ?" ಎಂದು ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

ಫಾತಿಮಾ ಅವರಿಗೆ 1958ರಲ್ಲಿ ಪದ್ಮಶ್ರೀ ಬಂತು. ಅವರು ಕಟ್ಟಿದ ಸಂಸ್ಥೆಯ ಮಕ್ಕಳ ಆಸ್ಪತ್ರೆ ಹಾಜಿ ಅಲಿಯಲ್ಲಿ ಬೆಳೆಯಿತು. ಅದರ ಹತ್ತಿರವೇ 1955ರಲ್ಲಿ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಬಂತು. 2014ರಲ್ಲಿ ಭಾರತವನ್ನು ಪೋಲಿಯೊಮುಕ್ತವೆಂದು ಘೋಷಿಸಿದರು. ಅಂಥ ಮಕ್ಕಳು ಈಗ ಬರುವುದಿಲ್ಲ, ನಮ್ಮ ಹುಡುಗನಂಥವರು ಬರುತ್ತಾರೆ. ಆ ಎರಡು ಆಸ್ಪತ್ರೆಗಳ ಮಗ್ಗುಲಲ್ಲಿ ಏನಿದೆ ಗೊತ್ತೇ? ಮಹಾಲಕ್ಷ್ಮಿ ರೇಸ್‌ಕೋರ್ಸ್! 1883ರಿಂದ ಕುದುರೆಗಳು ಓಡುತ್ತಿರುವ ಜಾಗ. ಒಂದು ಕಡೆ ಸೊಂಟ ನಿಲ್ಲದ ಮಕ್ಕಳು, ಇನ್ನೊಂದು ಕಡೆ ಕುದುರೆಗಳು, ನಡುವೆ ಒಂದು ರಸ್ತೆ. ಹಾಜಿ ಅಲಿಗೆ ಹೋದಾಗಲೆಲ್ಲ ಈಗ ನನ್ನ ಕಣ್ಣು ಆ ರಸ್ತೆಯ ಮೇಲೆಯೇ ಇರುತ್ತದೆ.

ನಮಗೋ ಆ ರಸ್ತೆ ಇನ್ನೂ ಉದ್ದ. ಮುಂಬ್ರಾದಿಂದ ದಿವ್ಯಾಂಗರ ಡಬ್ಬಿಯಲ್ಲಿ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನ್. ಮಗುವನ್ನು ಎತ್ತಿಕೊಂಡು ಅಕ್ಕ ಆಸ್ಪತ್ರೆಗೆ ಓಡಾಡುವುದನ್ನು ನೋಡಿದ್ದೇನೆ. ಎಕ್ಸ್-ರೇ ಆಯಿತು, ಸೊಂಟದ ಕೀಲು ಸರಿಯಿದೆ, ವೈದ್ಯರ ಒಪ್ಪಿಗೆಯೂ ಸಿಕ್ಕಿತು. ಅಕ್ಕ ಒಂದು ಸವಾರಿ ಶಾಲೆಗೆ ಫೋನು ಮಾಡಿದಳು. "ಕುದುರೆ ಇದೆ ತಾಯಿ, ಆದರೆ ಪಕ್ಕದಲ್ಲಿ ನಡೆಯುವ ಜನ ಇಲ್ಲ" ಎಂಬ ಉತ್ತರ ಬಂತು.

ಗೆಳತಿಯರೇ, ಆ ಉತ್ತರ ಕೇಳಿದ ಮೇಲೆಯೇ ಈ ಲೇಖನ ಬರೆಯಬೇಕೆನಿಸಿತು. ಈ ಚಿಕಿತ್ಸೆಯಲ್ಲಿ ಮಗುವಿಗೊಂದು ಹೆಲ್ಮೆಟ್, ತರಬೇತಾದ ಶಾಂತ ಕುದುರೆ, ಲಗಾಮು ಹಿಡಿಯುವವರು ಒಬ್ಬರು, ತಿಳಿದ ಫಿಸಿಯೋಥೆರಪಿಸ್ಟ್ ಒಬ್ಬರು ಬೇಕು. ಇವರ ಜೊತೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಮಗುವಿನ ಕಾಲಿಗೆ ಕೈ ಆನಿಸಿಕೊಂಡು ನಡೆಯಬೇಕು. ಬ್ರಿಟನ್ನಿನ ಸಂಘ ಇಷ್ಟು ವರ್ಷ ನಡೆದಿರುವುದೇ ಇಂಥ ಸ್ವಯಂಸೇವಕರಿಂದ. ಅದಕ್ಕೆ ಡಿಗ್ರಿ ಬೇಡ, ಕುದುರೆ ಸವಾರಿ ಗೊತ್ತಿರಬೇಕೆಂದೂ ಇಲ್ಲ. ಸ್ವಲ್ಪ ತರಬೇತಿ ಮತ್ತು ವಾರಕ್ಕೊಂದು ಬೆಳಿಗ್ಗೆ ಸಾಕು. ಠಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ನಮ್ಮ ಸದಸ್ಯೆಯರು ಎಷ್ಟು ಜನ ಇದ್ದೇವೆ! ಹಳದಿ-ಕುಂಕುಮಕ್ಕೆ, ರಾಜ್ಯೋತ್ಸವಕ್ಕೆ ಸೇರುವ ನಾವು ಇದಕ್ಕೂ ಸೇರಬಹುದಲ್ಲ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ.

ಸೋದರಳಿಯ ದಿನಕ್ಕೊಮ್ಮೆ ಕೇಳುತ್ತಾನೆ, "ಚಿಕ್ಕಿ, ಕುದುರೆ ಯಾವಾಗ?" ಪಕ್ಕದಲ್ಲಿ ನಡೆಯಲು ಇಬ್ಬರು ಬೇಕು. ಒಬ್ಬಳು ನಾನಿದ್ದೇನೆ.