ದಾಳವಿಲ್ಲದ ಪರಮಪದ



ಆಟದ ನೆಪದಲ್ಲಿ ಪಾಠ ಹೇಳುವುದು ನಮಗೆ ಹೊಸದಲ್ಲ. ನಮ್ಮಲ್ಲಿ ಪರಮಪದ ಸೋಪಾನ ಪಟವಿತ್ತು: ಸದ್ಗುಣಕ್ಕೆ ಏಣಿ, ದುರ್ಗುಣಕ್ಕೆ ಹಾವು. ಆದರೆ ಕಾಯಿ ನಡೆಸುತ್ತಿದ್ದುದು ದಾಳ. ಆಡುವವರಿಗೆ ಆಯ್ಕೆ ಇರಲಿಲ್ಲ. ಪರಿಸರ ಕುರಿತ ಕಂಪ್ಯೂಟರ್ ಆಟಗಳು ತೀರ್ಮಾನವನ್ನು ಆಡುವವರ ಕೈಗೇ ಕೊಟ್ಟವು. ಅವುಗಳ ಚರಿತ್ರೆಯನ್ನು ಚಿಕ್ಕದಾಗಿ ನಿಮ್ಮ ಮುಂದಿಡುತ್ತೇನೆ.

1972ರಲ್ಲಿ 'ದಿ ಲಿಮಿಟ್ಸ್ ಟು ಗ್ರೋತ್' ಪ್ರಕಟವಾಯಿತು. ಬೆಳವಣಿಗೆ ಹೀಗೇ ಸಾಗಿದರೆ 100 ವರ್ಷದೊಳಗೆ ಭೂಮಿಯ ಮಿತಿ ಮುಟ್ಟುತ್ತೇವೆ ಎಂದು ಅದು ಕಂಪ್ಯೂಟರ್ ಲೆಕ್ಕದ ಆಧಾರದಲ್ಲಿ ಎಚ್ಚರಿಸಿತು. ಲೇಖಕರಲ್ಲೊಬ್ಬರಾದ ಡೆನ್ನಿಸ್ ಮೆಡೋಸ್ ಮುಂದೆ 'ಫಿಶ್ ಬ್ಯಾಂಕ್ಸ್' ಎಂಬ ಆಟ ರೂಪಿಸಿದರು. ತಂಡಗಳು ಹಡಗು ಕೊಂಡು ಒಂದೇ ಕಡಲಲ್ಲಿ ಮೀನು ಹಿಡಿಯಬೇಕು. ಲಾಭ ಕಂಡಂತೆ ಎಲ್ಲರೂ ಹಡಗು ಹೆಚ್ಚಿಸುತ್ತಾರೆ. ಮೀನು ಕಡಿಮೆಯಾದದ್ದು ಗೊತ್ತಾಗುವ ಹೊತ್ತಿಗೆ ಕಡಲು ಬರಿದಾಗಿರುತ್ತದೆ.

1990ರಲ್ಲಿ ಎರಡು ಆಟಗಳು ಬಂದವು. ವಿಲ್ ರೈಟ್ ಅವರ 'ಸಿಮ್‌ಅರ್ಥ್' ಜೇಮ್ಸ್ ಲವ್‌ಲಾಕ್ ಅವರ ಗಾಯಾ ಸಿದ್ಧಾಂತದ ಮೇಲೆ ನಿಂತಿತ್ತು. ಕ್ರಿಸ್ ಕ್ರಾಫರ್ಡ್ ಅವರ 'ಬ್ಯಾಲೆನ್ಸ್ ಆಫ್ ದಿ ಪ್ಲಾನೆಟ್'ನಲ್ಲಿ ಆಟಗಾರ ಮಾಲಿನ್ಯಕ್ಕೆ ತೆರಿಗೆ ಹಾಕಿ, ಆ ಹಣವನ್ನು ಪರಿಹಾರಕ್ಕೆ ಹಂಚಬೇಕು. 2011ರ 'ಫೇಟ್ ಆಫ್ ದಿ ವರ್ಲ್ಡ್' ಇನ್ನೂ ಕಠಿಣ. ಅದರ ಹವಾಮಾನ ಲೆಕ್ಕಕ್ಕೆ ಆಕ್ಸ್‌ಫರ್ಡಿನ ವಿಜ್ಞಾನಿ ಮೈಲ್ಸ್ ಅಲೆನ್ ನೆರವಾದರು. ಅಲ್ಲಿ ಒಂದು ಸರದಿ ಎಂದರೆ 5 ವರ್ಷ.

ನನ್ನ ಮಾತಿನ ತಿರುಳು ಇಲ್ಲಿದೆ. ಪರಿಸರದ ಅನಾಹುತ ನಮಗೆ ಅರ್ಥವಾಗದಿರಲು ಮುಖ್ಯ ಕಾರಣ ವಿಳಂಬ. ಇಂದು ಬಿಟ್ಟ ಹೊಗೆಯ ಫಲ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆಟ ಆ ಕಾಲವನ್ನು ಒಂದು ಸಂಜೆಗೆ ಇಳಿಸುತ್ತದೆ. ತಪ್ಪು ಮಾಡಿದವನೇ ಕುಳಿತು ಫಲ ನೋಡುತ್ತಾನೆ.

ಆಟಕ್ಕೂ ಮಿತಿಯಿದೆ. 2019ರಲ್ಲಿ ಬಂದ 'ಸಿವಿಲೈಸೇಶನ್ 6: ಗ್ಯಾದರಿಂಗ್ ಸ್ಟಾರ್ಮ್'ನಲ್ಲಿ ಇಂಗಾಲ ಹೆಚ್ಚಿದಂತೆ ಕಡಲು ಏರಿ ಕರಾವಳಿ ಮುಳುಗುತ್ತದೆ. ಆದರೂ ಕಲ್ಲಿದ್ದಲು ಸುಟ್ಟವನೇ ಗೆಲ್ಲಬಹುದು. ಸೋತರೆ ಮತ್ತೆ ಮೊದಲಿಂದ ಶುರು ಮಾಡಬಹುದು.

ಬೆಂಗಳೂರಿಗೆ ಆ ಸೌಲಭ್ಯವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಜಲಾವೃತವಾದದ್ದನ್ನು ನಾವು ಫೋನಿನಲ್ಲಿ ನೋಡಿದೆವು. ಕೆರೆ, ರಾಜಕಾಲುವೆಗಳ ಒತ್ತುವರಿ ಹತ್ತಾರು ವರ್ಷಗಳದ್ದು. ಬಿಲ್ಲು ಬಂದದ್ದು ಒಂದೇ ರಾತ್ರಿಯಲ್ಲಿ. ಇಲ್ಲಿ ದುಡಿದು ಅಲ್ಲಿ ಸೈಟು, ಫ್ಲಾಟು ಕೊಳ್ಳುವ ನಾವೂ ಆ ಆಟದಲ್ಲಿದ್ದೇವೆ.

ನಮ್ಮಲ್ಲಿ ಸಾಫ್ಟ್‌ವೇರ್ ಬರೆಯುವವರು ಬಹಳ ಮಂದಿ. ಕೆರೆಯಿಂದ ಕೆರೆಗೆ ನೀರು ಹರಿಯುವ ಊರೊಂದನ್ನು ಕಟ್ಟುವ ಆಟ ಕನ್ನಡದಲ್ಲಿ ಬರಲಿ. ಮಕ್ಕಳು ಆಡಲಿ, ಸೈಟಿಗೆ ಮುಂಗಡ ಕೊಡುವ ಮೊದಲು ನಾವೂ ಒಮ್ಮೆ ಆಡೋಣ.