ಕಥೆ ತಿರುಗಿಸುವ ಮಕ್ಕಳು

ಮಸ್ಕತ್ತಿನ ನಮ್ಮ ಮಕ್ಕಳು ಶಾಲೆಯ ಪ್ರಾಜೆಕ್ಟಿಗಾಗಿ ರಾಮಾಯಣ, ಮಹಾಭಾರತದ ಕಥೆಗಳನ್ನು ತಮಗೆ ತೋಚಿದಂತೆ ಬರೆದು, ಚಿತ್ರ ಬಿಡಿಸಿ, ಪುಟ್ಟ ಪುಸ್ತಕ ಮಾಡುತ್ತಾರೆ. ಸೀತೆಯೊಬ್ಬಳೇ ಏಕೆ ಬೆಂಕಿಗಿಳಿಯಬೇಕೆಂದು ಹುಡುಗಿಯೊಬ್ಬಳು ಕಥೆಯನ್ನೇ ತಿರುಗಿಸಿದಳು. ಪುರಾಣ ಕೆಡಿಸಬಾರದೆಂದು ಹಿರಿಯರಾದ ನಾವು ಗದರಿ, ಆ ಪುಟವನ್ನು ಹರಿದು ಹಾಕಿಸಿದೆವು.

ಗದರುವ ಮುನ್ನ ನಮ್ಮ ಸಾಹಿತ್ಯದ ಚರಿತ್ರೆಯನ್ನು ನೆನೆಯಬೇಕಿತ್ತು. ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಬೇಕಿತ್ತಲ್ಲ! ರನ್ನ ಭೀಮನನ್ನು ನಾಯಕನಾಗಿಸಿಯೂ ದುರ್ಯೋಧನನಿಗಾಗಿ ನಮ್ಮ ಕಣ್ಣು ತೇವಗೊಳಿಸಿದ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಡನೆ ರಾಮನನ್ನೂ ಅಗ್ನಿಗಿಳಿಸಿದರು. ಆ ಕಾವ್ಯಕ್ಕೆ 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠ ಎರಡೂ ಸಂದವು.

ಅದೇ 1967ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ‘ಅಮರ ಚಿತ್ರ ಕಥೆ’ ಆರಂಭಿಸಿದರು. ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದ್ದನ್ನು ದೂರದರ್ಶನದ ರಸಪ್ರಶ್ನೆಯಲ್ಲಿ ಕಂಡದ್ದೇ ಅದಕ್ಕೆ ಪ್ರೇರಣೆಯಂತೆ. ಹೊರನಾಡಿನಲ್ಲಿ ನಮಗಿರುವ ಭಯವೂ ಅದೇ. ಕಥೆ ಬದಲಾದೀತೆಂದಲ್ಲ, ಮರೆತುಹೋದೀತೆಂದು.

ಆ ಹುಡುಗಿ ಕುವೆಂಪು ಅವರನ್ನು ಓದಿರಲಿಲ್ಲ. ಓದಿದ್ದ ನಾವೇ ಮರೆತೆವು. ಆ ಪುಟವನ್ನು ಮತ್ತೆ ಬರೆದುಕೊಡಮ್ಮ ಎಂದು ಕೇಳಿಕೊಂಡಿದ್ದೇವೆ. ಬಂದರೆ ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ.