ಬಿಟ್ಟಿದೇವ ಬಿಟ್ಟದ್ದೇನು?

ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಗೈಡುಗಳು ಹೇಳುವ ಕತೆ ನಮಗೆಲ್ಲ ಬಾಯಿಪಾಠ. ಜೈನನಾಗಿದ್ದ ಹೊಯ್ಸಳ ದೊರೆ ಬಿಟ್ಟಿದೇವನ ಮಗಳಿಗೆ ದೆವ್ವ ಹಿಡಿಯಿತು, ಚೋಳರ ಕಾಟಕ್ಕೆ ಇತ್ತ ಬಂದಿದ್ದ ರಾಮಾನುಜಾಚಾರ್ಯರು ಅದನ್ನು ಬಿಡಿಸಿದರು, ದೊರೆ ವೈಷ್ಣವನಾಗಿ ವಿಷ್ಣುವರ್ಧನನೆನಿಸಿಕೊಂಡ. ನಾನು ಶಾಲೆಯಲ್ಲಿ ಓದಿದ್ದೂ ದೆವ್ವವೊಂದನ್ನು ಬಿಟ್ಟು ಇದೇ ಕತೆಯನ್ನು. ಇದಕ್ಕೆ ಎರಡು ಬಾಲಗಳೂ ಇವೆ. ಒಂದರಲ್ಲಿ ವಾದದಲ್ಲಿ ಸೋತ ಜೈನರನ್ನು ದೊರೆ ಗಾಣಕ್ಕೆ ಹಾಕಿಸುತ್ತಾನೆ. ಜೈನರ ಕಡೆಯ ಇನ್ನೊಂದರಲ್ಲಿ, ಬಸದಿಗಳನ್ನು ಕೆಡವಿಸಿದ ಪಾಪಕ್ಕೆ ನೆಲವೇ ಬಾಯಿಬಿಡುತ್ತದೆ. ಜಗಳವಾಡುವ ಈ ಎರಡೂ ಕತೆಗಳಿಗೆ ಒಂದು ವಿಷಯದಲ್ಲಿ ಒಮ್ಮತವಿದೆ: ಮನುಷ್ಯ ಒಂದು ದಿನ ಒಂದು ಮನೆಯಿಂದ ಹೊರಟು ಇನ್ನೊಂದು ಮನೆ ಸೇರುತ್ತಾನೆ, ಹಳೆಯ ಮನೆಯ ಬಾಗಿಲು ಮುಚ್ಚಿಹೋಗುತ್ತದೆ.

ನನ್ನ ಪಿಎಚ್‌ಡಿ ಕೆಲಸ ಹೊಯ್ಸಳರ ಕಾಲದ ದಾನಶಾಸನಗಳ ಮೇಲೆ. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ದಿನವೂ ತಿರುವಿಹಾಕುವ ನನಗೆ ಆ ಮುಚ್ಚಿದ ಬಾಗಿಲು ಈವರೆಗೆ ಸಿಕ್ಕಿಲ್ಲ.

ಸಿಗುವುದು ಬೇರೆಯೇ. 1117ರಲ್ಲಿ ಬೇಲೂರಿನ ದೇವರ ಪ್ರತಿಷ್ಠೆಯಾಯಿತು. ನಾವು ಚೆನ್ನಕೇಶವ ಎನ್ನುವ ಆ ದೇವರನ್ನು ಶಾಸನ ಕರೆಯುವುದು ವಿಜಯನಾರಾಯಣನೆಂದು. ತಲಕಾಡನ್ನು ಗೆದ್ದು ಚೋಳರನ್ನು ಗಂಗವಾಡಿಯಿಂದ ಹೊರದೂಡಿದ್ದ ಹುರುಪಿನ ಕಾಲ ಅದು. ಆ ಶಾಸನದಲ್ಲಿ ರಾಮಾನುಜರ ಹೆಸರಿಲ್ಲ. ಹಾಗೆಂದು ಇಬ್ಬರ ಭೇಟಿಯೇ ಆಗಲಿಲ್ಲ ಎಂದು ವಾದಿಸುವುದು ಅವಸರದ ಮಾತು. ಮೇಲುಕೋಟೆ, ತೊಣ್ಣೂರುಗಳ ನೆನಪನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗದು. ದೊರೆಯ ಮನಸ್ಸು ವಿಷ್ಣುವಿನ ಕಡೆ ವಾಲಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಇರುವುದು 'ಬಿಟ್ಟ' ಎನ್ನುವ ಮಾತಿನ ಮೇಲೆ. ಮುಂದೆಯೂ ಆತ ಜೈನಗುರು ಶ್ರೀಪಾಲ ತ್ರೈವಿದ್ಯರಿಗೆ ದಾನ ಕೊಡುತ್ತಾನೆ. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಅವನ ಹೆಸರಿನಲ್ಲೇ ಶಿವಲಿಂಗವೊಂದು ನಿಲ್ಲುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1133ರ ಶಾಸನ. ಸೇನಾಪತಿ ಗಂಗರಾಜ ಕೊನೆಯವರೆಗೂ ಜೈನ. ಅವನ ನೆನಪಿಗೆ ಮಗ ಬೊಪ್ಪದೇವ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆ ಮುಗಿಸಿದ ಪೂಜಾರಿಗಳು ಪ್ರಸಾದ ಹಿಡಿದು ದೊರೆಯಿದ್ದ ಬಂಕಾಪುರಕ್ಕೆ ನಡೆದರು. ಅಲ್ಲಿ ಆತ ಮಸಣನೆಂಬ ಎದುರಾಳಿಯನ್ನು ಆಗತಾನೇ ಗೆದ್ದಿದ್ದ. ರಾಣಿ ಲಕ್ಷ್ಮೀದೇವಿಗೆ ಗಂಡುಮಗುವಾಗಿತ್ತು. ಪೂಜಾರಿಗಳನ್ನು ಕಂಡು ದೊರೆ ಎದ್ದು ಬಂದ, ಕೈಮುಗಿದ, ಈ ದೇವರ ಪ್ರತಿಷ್ಠೆಯ ಫಲವಾಗಿಯೇ ತನಗೆ ಗೆಲುವೂ ಮಗನೂ ದಕ್ಕಿದರೆಂದ. ಬಸದಿಯ ಜಿನನಿಗೆ ವಿಜಯಪಾರ್ಶ್ವನೆಂದು, ಮಗನಿಗೆ ವಿಜಯನರಸಿಂಹನೆಂದು ಹೆಸರಿಟ್ಟ.

ವಿಜಯನಾರಾಯಣ, ವಿಜಯಪಾರ್ಶ್ವ, ವಿಜಯನರಸಿಂಹ. ಹದಿನಾರು ವರ್ಷಗಳ ಅಂತರದಲ್ಲಿ ಒಂದೇ ಪದ ವಿಷ್ಣುವಿಗೂ ಜಿನನಿಗೂ ಹೊಟ್ಟೆಯ ಮಗನಿಗೂ ಹಂಚಿಹೋಗಿದೆ. ಮಗುವಿನ ಹೆಸರನ್ನೇ ನೋಡಿ: ಜಿನನ ಕೃಪೆಯಿಂದ ಹುಟ್ಟಿದವನಿಗೆ ವಿಷ್ಣುವಿನ ಅವತಾರದ ಹೆಸರು!

ಇದು ರಾಜಕಾರಣ ಎನ್ನಬಹುದು, ಸಂಶೋಧನೆಯ ಸಭೆಗಳಲ್ಲಿ ಅನ್ನುತ್ತಾರೆ ಕೂಡ. ಸೇನಾಪತಿ ಜೈನ, ವ್ಯಾಪಾರಿಗಳಲ್ಲಿ ಹಲವರು ಜೈನರು, ಹೊಸದಾಗಿ ಗೆದ್ದ ತೆಂಕಣ ನಾಡಿನಲ್ಲಿ ಶ್ರೀವೈಷ್ಣವರು, ಎಲ್ಲರನ್ನೂ ಸಂಭಾಳಿಸಬೇಕಿತ್ತು. ಮೇಲಾಗಿ ಶಾಸನ ಬರೆಸಿದವರು ಬಸದಿಯವರು, ದೊರೆ ತಮಗೆ ಕೈಮುಗಿದನೆಂದು ಅವರು ಬರೆಸದೆ ಇನ್ನಾರು ಬರೆಸುತ್ತಾರೆ? ಒಪ್ಪುತ್ತೇನೆ. ಆದರೆ ಈ ಲೆಕ್ಕ ಬೇಲೂರಿಗೂ ಅನ್ವಯಿಸಬೇಕಲ್ಲ? ಅಲ್ಲಿಯ ಗುಡಿ ಭಕ್ತಿ, ಇಲ್ಲಿಯ ಕೈಮುಗಿತ ಬರೀ ನಾಟಕ ಎನ್ನುವ ತಕ್ಕಡಿಯನ್ನು ನಾನು ನಂಬಲಾರೆ. ವಯಸ್ಸಾಗುತ್ತ ಅವನ ದೇವರುಗಳು ಹೆಚ್ಚಾದರು ಎಂದೇ ನನ್ನ ಓದು. ಮತಾಂತರ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಇಂದು ಎರಡೂ ಕಡೆಯವರು ತೋಳೇರಿಸುತ್ತಾರೆ. ಅಂಥ ಜಗಳಗಳಿಗೆ ವಿಷ್ಣುವರ್ಧನನನ್ನು ಸಾಕ್ಷಿಗೆ ಕರೆಯುವವರು ಬಂಕಾಪುರದ ಈ ಪ್ರಸಂಗವನ್ನು ಒಮ್ಮೆ ಓದಬೇಕು.

ಅವನ ಮನೆಯೇ ಹಾಗಿತ್ತು. ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಶಾಂತಲೆ ಬೇಲೂರಿನಲ್ಲಿ ಗಂಡನ ಗುಡಿಯ ಪಕ್ಕದಲ್ಲೇ ವಿಷ್ಣುವಿಗೆ ಗುಡಿ ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಆ ಬಸದಿಯ ಹೆಸರು ಸವತಿಗಂಧವಾರಣ. ಸವತಿಯರ ಪಾಲಿಗೆ ಮದಗಜ ಎಂದರ್ಥ, ಆಕೆಯದೇ ಬಿರುದು. ವೈರಾಗ್ಯದ ಬೆಟ್ಟದ ಮೇಲೆ ಇಂಥದೊಂದು ಹೆಸರು ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ನಿಂತಿರುವುದು ನನಗೆ ಬಹಳ ಇಷ್ಟ. 1131ರಲ್ಲಿ ಆಕೆ ತೀರಿಕೊಂಡದ್ದು ಶೈವರ ಕ್ಷೇತ್ರವಾದ ಶಿವಗಂಗೆಯಲ್ಲಿ.

ಈ ಮನೆಯಲ್ಲಿ ಕದಲದೆ ನಿಂತವಳು ಮಾಚಿಕಬ್ಬೆ. ಗಂಡನ ದೇವರು ಶಿವ, ಅಳಿಯ ವಿಷ್ಣುವಿಗೆ ಒಲಿದವನು, ಮಗಳು ಮೂವರಿಗೂ ನಡೆದುಕೊಂಡವಳು. ಮಗಳು ಹೋದ ಮೇಲೆ ಆಕೆ ಬೆಳಗೊಳಕ್ಕೆ ಬಂದು ಸನ್ಯಸನ ಹಿಡಿದಳು. ಒಂದು ತಿಂಗಳು ಉಪವಾಸವಿದ್ದು, ಅರೆಮುಚ್ಚಿದ ಕಣ್ಣಲ್ಲಿ ಪಂಚಪದಗಳನ್ನು ಉಚ್ಚರಿಸುತ್ತ, ನಂಟರನ್ನು ಬೀಳ್ಕೊಂಡು ಪ್ರಾಣ ಬಿಟ್ಟಳು. ತಾಯಿ ಮಗಳಿಬ್ಬರ ಸಾವನ್ನೂ ಹೇಳುವ ಆ ಕಲ್ಲು ಇರುವುದು ಮಗಳು ಕಟ್ಟಿಸಿದ ಬಸದಿಯ ಹತ್ತಿರದಲ್ಲೇ.